ಜೆಮಿನಿಡ್ ಉಲ್ಕಾವೃಷ್ಟಿ: ಗುಡ್ಡ, ಟೆಲಿಸ್ಕೋಪ್, ಮ್ಯಾಲೆ ಉಲ್ಕೆ. ಕ್ಯಾಮೆರಾ ಎತ್ತ ತಿರುಗಿಸೋದು?

ಮಲಪ್ರಭಾ_ದಂಡೆ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಡಿಸೆಂಬರ್ 13, ರವಿವಾರ ರಾತ್ರಿ ಜೆಮಿನಿಡ್ ಐತಿ. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡಕ್ಕ ಹೋಗಿ, 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಮುಂದ ನಿಲ್ಲಿಸಿ, ಹಿಂದ ಗುಡ್ಡ, ಮ್ಯಾಲೆ ಉಲ್ಕೆ ಬರೂ ಹಂಗ ಫೋಟೋ ತೆಗೀಬೇಕು ಅನ್ನೋದು ವಿಚಾರ. ಮುಂದ ಇದನ್ನ ಲಡಾಖಿನ ಹಾನ್ಲೆ ವೀಕ್ಷಣಾಲಯದಾಗ ದೊಡ್ಡ ಗುಮ್ಮಟದ ಮ್ಯಾಲೆ ತೆಗಿಯೋದೈತಿ. ಅದಕ್ಕ ಇದು ತಾಲೀಮು.

ಫುಲ್ ಫ್ರೇಮ್ ಕ್ಯಾಮೆರಾ, 14 ಎಂಎಂ ಎಫ್ 2.8 ಮತ್ತು 24 ಎಂಎಂ ಎಫ್ 1.4, ಎರಡು ಲೆನ್ಸ್ ಅದಾವು. ಯಾವುದು ಹಾಕೋದು? ಮಿಥುನ ರಾಶಿ ಕಡೆನೇ ಮುಖ ಮಾಡಬೇಕೇನು? ಎಕ್ಸ್‌ಪೋಶರ್ ಎಷ್ಟು? ಇಬ್ಬನಿಗೆ ಏನು ಮಾಡೋದು? ಗೊತ್ತಿದ್ದವರು ವಿವರವಾಗಿ ಹೇಳ್ರಿ.

ಪುನರ್ವಸು (ಧಾರವಾಡ)

ಮೊದಲು ಆಕಾಶದ ಲೆಕ್ಕ ಸರಿ ಮಾಡಿಕೊಳ್ಳೋಣ, ಲೆನ್ಸಿನ ಮಾತು ಆಮೇಲೆ.

ಗದಗಿನ ಅಕ್ಷಾಂಶ ಸುಮಾರು 15.4 ಡಿಗ್ರಿ. ಜೆಮಿನಿಡ್‌ಗಳು ಹೊರಟಂತೆ ಕಾಣುವ ಬಿಂದು, ಅಂದರೆ ವಿಕಿರಣ ಬಿಂದು, ಮಿಥುನ ರಾಶಿಯ ಕ್ಯಾಸ್ಟರ್ ನಕ್ಷತ್ರದ ಹತ್ತಿರ ಇದೆ. ನಮ್ಮ ಪುನರ್ವಸುವಿನ ಜೋಡಿಯಲ್ಲಿ ಒಂದು ಕ್ಯಾಸ್ಟರ್, ಇನ್ನೊಂದು ಪೊಲಕ್ಸ್. ಈ ಬಿಂದು ಆ ರಾತ್ರಿ ಮುಕ್ಕಾಲು ಎಂಟರ ಸುಮಾರಿಗೆ ಈಶಾನ್ಯದಲ್ಲಿ ಹುಟ್ಟುತ್ತದೆ. ಎರಡೂವರೆ ಹೊತ್ತಿಗೆ ಉತ್ತರದ ಕಡೆ 72 ಡಿಗ್ರಿ ಎತ್ತರಕ್ಕೆ ಬರುತ್ತದೆ. ನೆತ್ತಿಯಿಂದ ಬರೀ 17–18 ಡಿಗ್ರಿ ಈಚೆ. ಆ ಹೊತ್ತಿನಲ್ಲಿ ನೀವು ಯಾವ ದಿಕ್ಕಿಗೆ ನೋಡಿದರೂ ಉಲ್ಕೆಗಳು ಮೇಲಿನಿಂದ ಕೆಳಕ್ಕೆ ಇಳಿದಂತೆಯೇ ಕಾಣುತ್ತವೆ. ಹಾಗಾಗಿ ಮಿಥುನಕ್ಕೆ ಕ್ಯಾಮೆರಾ ಕಟ್ಟಿಹಾಕುವ ಅಗತ್ಯ ಖಂಡಿತ ಇಲ್ಲ. ಬಿಂದುವಿನ ಹತ್ತಿರದ ಉಲ್ಕೆಗಳು ನಮ್ಮ ಕಡೆಗೇ ಬರುವುದರಿಂದ ಗಿಡ್ಡ ಗಿಡ್ಡ ಗೆರೆಗಳಾಗಿ ಮೂಡುತ್ತವೆ. ಉದ್ದ ಗೆರೆ ಬೇಕಾದರೆ ಅಲ್ಲಿಂದ 40–60 ಡಿಗ್ರಿ ದೂರ ನೋಡಬೇಕು. ದಿಕ್ಕನ್ನು ಕತ್ತಲೆ ನೋಡಿ, ಮುನ್ನೆಲೆ ನೋಡಿ ಆರಿಸಿ.

ಚಂದ್ರ ಈ ಸಲ ಅನುಕೂಲ. ಅಮಾವಾಸ್ಯೆ ಡಿಸೆಂಬರ್ 9ಕ್ಕೆ. 13ರ ರಾತ್ರಿ ಪಂಚಮಿಯ ಆಸುಪಾಸಿನ ಚಂದ್ರ, ಹತ್ತು ಗಂಟೆ ಸುಮಾರಿಗೆ ಮುಳುಗುತ್ತಾನೆ. ನಸುಕಿನ ಬೆಳಕು ಶುರುವಾಗುವುದು ಐದೂವರೆಗೆ. ಪೂರ್ತಿ ಕತ್ತಲೆ ಏಳೂವರೆ ತಾಸು ಸಿಗುತ್ತದೆ. 14ರ ರಾತ್ರಿಯನ್ನೂ ಖಾಲಿ ಇಟ್ಟುಕೊಳ್ಳಿ. ಆ ದಿನ ಚಂದ್ರ ಮುಳುಗುವುದು ಹನ್ನೊಂದರ ಹತ್ತಿರ.

ಡಂಬಳದ_ಬಯಲು (ಗದಗ)

ಜಾಗದ ಬಗ್ಗೆ ನಾ ಹೇಳ್ತೀನ್ರಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ತೋಳ, ಕತ್ತೆಕಿರುಬ, ಚಿರತೆ ಇರೂ ಜಾಗ ಅದು. ಅರಣ್ಯ ಇಲಾಖೆಯ ಪರವಾನಗಿ ಇಲ್ಲದ ರಾತ್ರಿ ಗುಡ್ಡದ ಒಳಗ ಉಳಿಯೋ ವಿಚಾರ ಮಾಡಬ್ಯಾಡ್ರಿ. ಬೇಕಾಗಿಯೂ ಇಲ್ಲ. ಗುಡ್ಡ ಫೋಟೋದಾಗ ಬರಬೇಕು ಅಂದ್ರ ಗುಡ್ಡದ ಮ್ಯಾಲೆ ನಿಲ್ಲಬಾರದು, ಎದುರಿಗೆ ನಿಲ್ಲಬೇಕು.

ಗದಗ-ಮುಂಡರಗಿ ರಸ್ತೆಯ ಡಂಬಳ ಕಡೆ ಹೋದ್ರ ಗುಡ್ಡದ ಸಾಲು ಪಶ್ಚಿಮ-ನೈರುತ್ಯಕ್ಕ ಕಾಣ್ತೈತಿ. ಗದಗಿನ ದೀಪದ ಬೆಳಕು ವಾಯವ್ಯಕ್ಕ ಉಳೀತೈತಿ, ಮುಂಡರಗಿದು ಆಗ್ನೇಯಕ್ಕ. ಗುಡ್ಡದ ದಿಕ್ಕು ಅವೆರಡರ ನಡುವ ಕತ್ತಲಿನ ಪಟ್ಟಿ. ಮುಖ್ಯ ರಸ್ತೆಯಿಂದ ಒಂದು-ಎರಡು ಕಿಲೋಮೀಟರ್ ಒಳಗ ಹೊಲದ ದಾರಿ ಹಿಡೀರಿ. ಬಸ್ಸಿನ, ಟ್ರ್ಯಾಕ್ಟರಿನ ಹೆಡ್‌ಲೈಟ್ ನೇರ ಲೆನ್ಸಿಗೆ ಬಡೀದಂಗ ನಡುವ ಒಂದು ದಿಬ್ಬ ಇಲ್ಲಾ ಜಾಲಿ ಸಾಲು ಇರಲಿ.

ಹೊಲ ಆರಿಸೂದ್ರಾಗನೂ ವಿಚಾರ ಐತಿ. ಡಿಸೆಂಬರ್‌ದಾಗ ಹಿಂಗಾರಿ ಜೋಳ ಆಳೆತ್ತರ ನಿಂತಿರ್ತೈತಿ, ದಿಗಂತ ಮುಚ್ಚಿಬಿಡ್ತೈತಿ. ಕಡಲಿ ಹೊಲ ಮೊಣಕಾಲಿನ ಕೆಳಗಿರ್ತೈತಿ, ಅದರ ಬದು ಹಿಡೀರಿ. ಬೆಳಿ ತುಳೀಬ್ಯಾಡ್ರಿ. ಹೊಲದವರನ್ನ ಹಗಲಿಗೇ ಭೆಟ್ಟಿಯಾಗಿ ಕೇಳ್ರಿ, ಪಂಪಸೆಟ್ಟಿನ ಮನಿ ಮ್ಯಾಲಿನ ಎಲ್‌ಇಡಿ ಬಲ್ಬು ಆ ಒಂದು ರಾತ್ರಿ ಆರಿಸ್ತೀರೇನು ಅಂತನೂ ಕೇಳ್ರಿ. ಹತ್ತಿರದಾಗ ಅಂಥಾ ಒಂದೇ ಬಲ್ಬು ಇದ್ರ, ದೂರದ ಇಡೀ ಊರಿನ ಬೆಳಕಿಗಿಂತ ಹೆಚ್ಚು ಕೆಡಸ್ತೈತಿ.

ಇನ್ನೊಂದು: ಗುಡ್ಡದ ಮ್ಯಾಲೆ ಗಾಳಿಯಂತ್ರ ಅದಾವು. ಅವುಗಳ ತುದಿಯ ಕೆಂಪು ದೀಪ ಮಿಣುಕ್ತಾವು. 20 ಸೆಕೆಂಡಿನ ಫ್ರೇಮಿನ್ಯಾಗ ದಪ್ಪ ಕೆಂಪು ಚುಕ್ಕಿ ಆಗಿ ಬರ್ತಾವು. ಅದನ್ನ ತಪ್ಪಿಸಬೇಕಾ, ಚಿತ್ರದಾಗ ಸೇರಿಸಿಕೋಬೇಕಾ ಅನ್ನೋದನ್ನ ಹಿಂದಿನ ರಾತ್ರಿ, ಅಂದ್ರ 12ಕ್ಕ, ಹೋಗಿ ನೋಡಿ ತೀರ್ಮಾನ ಮಾಡ್ರಿ.

ಉಣಕಲ್_24 (ಹುಬ್ಬಳ್ಳಿ)

ಲೆನ್ಸಿನ ಪ್ರಶ್ನೆಗೆ: 24 ಹಾಕ್ರಿ. 14 ಬ್ಯಾಗಿನ್ಯಾಗ ಇರಲಿ.

ಮಲಪ್ರಭಾ_ದಂಡೆ

ಅಣ್ಣಾರ, 14ರಾಗ ಆಕಾಶ ಹೆಚ್ಚು ಹಿಡೀತೈತಲ್ರೀ? ಹೆಚ್ಚು ಆಕಾಶ ಅಂದ್ರ ಹೆಚ್ಚು ಉಲ್ಕೆ ಅಲ್ಲೇನು?

ಉಣಕಲ್_24

ಹಿಡೀತೈತಿ, ಆದ್ರ ಸಣ್ಣ ಉಲ್ಕೆ ಅದರಾಗ ಮೂಡೂದೇ ಇಲ್ಲ. ಲೆಕ್ಕ ನೋಡ್ರಿ.

ನಕ್ಷತ್ರದ ಬೆಳಕು 20 ಸೆಕೆಂಡ್ ಅವೇ ಕೆಲವು ಪಿಕ್ಸೆಲ್ ಮ್ಯಾಲೆ ಬೀಳ್ತೈತಿ. ಉಲ್ಕೆ ಒಂದು ಪಿಕ್ಸೆಲ್ ಮ್ಯಾಲೆ ಇರೂದು ಕಣ್ಣು ಮಿಟುಕಿಸೂದಕ್ಕಿಂತ ಎಷ್ಟೋ ಕಡಿಮಿ ಹೊತ್ತು. ಹಂಗಾಗಿ ಶಟರ್ 10 ಸೆಕೆಂಡ್ ಇಟ್ರೂ 30 ಇಟ್ರೂ ಉಲ್ಕೆಯ ಗೆರಿ ಅಷ್ಟೇ ಬೆಳ್ಳಗ. ಹೆಚ್ಚಾಗೂದು ಹಿಂದಿನ ಆಕಾಶದ ಬೆಳಕು ಮಾತ್ರ. ಗೆರಿಯ ಬೆಳಕನ್ನ ನಿರ್ಧರಿಸೂದು ಲೆನ್ಸು ಮತ್ತು ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸ್ತೈತಿ ಅನ್ನೋ ಐಎಸ್‌ಒ.

ಲೆನ್ಸಿನ ಶಕ್ತಿ ತಿಳಿಯೋಕೆ ಒಂದು ಸರಳ ಭಾಗಾಕಾರ ಐತಿ: ಫೋಕಲ್ ಲೆಂತ್ ಅನ್ನ ಎಫ್ ನಂಬರಿನ (ಇದು ಸಣ್ಣದಿದ್ದಷ್ಟೂ ಲೆನ್ಸು ಹೆಚ್ಚು ಬೆಳಕು ಬಿಡ್ತೈತಿ) ವರ್ಗದಿಂದ ಭಾಗಿಸ್ರಿ. 14 ಎಂಎಂ ಎಫ್ 2.8ಕ್ಕ 14 ಭಾಗಿಸು 7.84, ಅಂದ್ರ 1.8. 24 ಎಂಎಂ ಎಫ್ 1.4ಕ್ಕ 12.2. ಕ್ಯಾಮೆರಾ ಜೋಡಿ ಬರೂ 18–55 ಕಿಟ್ ಲೆನ್ಸು, 18 ಎಂಎಂ ಎಫ್ 3.5, ಅದಕ್ಕ 1.5. 50 ಎಂಎಂ ಎಫ್ 1.8ಕ್ಕ 15.4, ಆದ್ರ ಅದರ ನೋಟ ಬರೀ 40×27 ಡಿಗ್ರಿ.

24ರ ನೋಟ 74×53 ಡಿಗ್ರಿ, 14ರದು 104×81. ಅಂದ್ರ 14 ಹಿಡಿಯೋ ಆಕಾಶ ಸುಮಾರು ಎರಡು ಪಟ್ಟು. ಆದ್ರ 24 ಎಫ್ 1.4 ಸುಮಾರು ಎರಡು ಮ್ಯಾಗ್ನಿಟ್ಯೂಡ್ ಮಂದ ಇರೂ ಉಲ್ಕೆಯನ್ನೂ ಹಿಡೀತೈತಿ. ಮ್ಯಾಗ್ನಿಟ್ಯೂಡ್ ಅಂದ್ರ ಹೊಳಪಿನ ಅಳತಿ, ಅಂಕಿ ಹೆಚ್ಚಾದಂಗ ಮಂದ. ಮಂದ ಉಲ್ಕೆಗಳೇ ಸಂಖ್ಯೆಯೊಳಗ ಬಹಳ. ಮೂಲಿಗಳ ನಕ್ಷತ್ರ ರೆಕ್ಕಿ ಬಿಚ್ಚಿದಂಗ ಆಗ್ತೈತಿ ಅಂತ ಎಫ್ 1.8ಕ್ಕ ಇಳಿಸಿದ್ರೂ 24ಕ್ಕ 7.4 ಬರ್ತೈತಿ, 14ರ ನಾಕು ಪಟ್ಟು.

ಪುನರ್ವಸು

ಇದಕ್ಕೆ ಸಂಖ್ಯೆ ಜೋಡಿಸುತ್ತೇನೆ. ಜೆಮಿನಿಡ್‌ಗಳಲ್ಲಿ ಒಂದು ಮ್ಯಾಗ್ನಿಟ್ಯೂಡ್ ಮಂದಕ್ಕೆ ಹೋದಂತೆ ಉಲ್ಕೆಗಳ ಸಂಖ್ಯೆ ಸುಮಾರು 2.6 ಪಟ್ಟು ಏರುತ್ತದೆ. ಎರಡು ಮ್ಯಾಗ್ನಿಟ್ಯೂಡ್‌ಗೆ ಏಳು ಪಟ್ಟಿನ ಹತ್ತಿರ. ನೋಟದಲ್ಲಿ ಅರ್ಧ ಕಳೆದುಕೊಂಡರೂ 24ರ ಲೆನ್ಸು ಮೂರು ಪಟ್ಟು ಮುಂದೆ ಇರುತ್ತದೆ.

ಇದೇ ಗುಣಾಕಾರ ಜಾಗ ಆರಿಸುವಾಗಲೂ ಬೇಕು. ಪತ್ರಿಕೆಗಳಲ್ಲಿ “ತಾಸಿಗೆ 150 ಉಲ್ಕೆ” ಎಂದು ಬರುತ್ತದಲ್ಲ, ಅದು ಬಿಂದು ನೆತ್ತಿಯಲ್ಲಿದ್ದು, 6.5 ಮ್ಯಾಗ್ನಿಟ್ಯೂಡ್‌ವರೆಗಿನ ನಕ್ಷತ್ರ ಕಾಣುವ ಆಕಾಶಕ್ಕೆ ಹಾಕಿದ ಲೆಕ್ಕ. ಎರಡೂವರೆ ಗಂಟೆಗೆ, 6 ಮ್ಯಾಗ್ನಿಟ್ಯೂಡ್ ಕಾಣುವ ಬಯಲಿನಲ್ಲಿ ಅದು ತಾಸಿಗೆ ಸುಮಾರು 90 ಆಗುತ್ತದೆ. ಅದೇ ಹೊತ್ತಿಗೆ, 4 ಮ್ಯಾಗ್ನಿಟ್ಯೂಡ್‌ಗೆ ನಿಂತುಹೋಗುವ ಊರೊಳಗಿನ ಮಾಳಿಗೆಯ ಮೇಲೆ ಬರೀ 13. ಇದು ಇಡೀ ಆಕಾಶ ನೋಡುವ ಕಣ್ಣಿನ ಲೆಕ್ಕ. ಕ್ಯಾಮೆರಾಕ್ಕೆ ಸಿಗುವುದು ಅದರ ಚೌಕಟ್ಟಿನೊಳಗೆ ಬಿದ್ದ ಪ್ರಕಾಶಮಾನ ಉಲ್ಕೆಗಳು ಮಾತ್ರ. ಆದ್ದರಿಂದಲೇ ತಾಸುಗಟ್ಟಲೆ ಬಿಡದೆ ತೆಗೆಯಬೇಕು.

ಶಿಗ್ಗಾವಿ_ಸರ್ಕ್ಯೂಟ್ (ಹಾವೇರಿ)

ಸೆಟ್ಟಿಂಗು ಹೇಳ್ತೇನಿ, ಬರಕೊಳ್ರಿ. ಮ್ಯಾನ್ಯುವಲ್ ಮೋಡ್. ಎಫ್ 1.8. ಐಎಸ್‌ಒ 3200. ಶಟರ್ 15 ಇಲ್ಲಾ 20 ಸೆಕೆಂಡ್. ರಾ ಫೈಲ್. ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್‌ಗೆ ಕಟ್ಟಿಬಿಡ್ರಿ, ಆಟೋ ಬ್ಯಾಡ. ಲೆನ್ಸು ಮ್ಯಾನ್ಯುವಲ್ ಫೋಕಸ್, ಸ್ಟೆಬಿಲೈಸರ್ ಆಫ್. ಫೋಟೋ ತೆಗೆದ ಮ್ಯಾಲೆ ಪರದೆಯಲ್ಲಿ ತೋರಿಸೂದು ಆಫ್.

ಹಿಸ್ಟೋಗ್ರಾಮಿನ (ಫೋಟೋದಾಗ ಕಪ್ಪು-ಬೆಳಕು ಎಷ್ಟೆಷ್ಟು ಅಂತ ತೋರಿಸೂ ಗ್ರಾಫು) ಗುಡ್ಡ ಎಡಗಡೆಯಿಂದ ಮೂರರಲ್ಲಿ ಒಂದು ಭಾಗದ ಆಸುಪಾಸು ನಿಲ್ಲಬೇಕು. ಊರಿನ ಬೆಳಕಿನಿಂದ ಬಲಕ್ಕ ಸರದ್ರ ಶಟರ್ ಕಡಿಮಿ ಮಾಡ್ರಿ, 10 ಸೆಕೆಂಡ್, 8 ಸೆಕೆಂಡ್. ಐಎಸ್‌ಒ, ಅಪರ್ಚರ್ ಮುಟ್ಟಬ್ಯಾಡ್ರಿ. ಉಣಕಲ್ ಅಣ್ಣಾರು ಹೇಳಿದ್ದೇ ಕಾರಣ: ಶಟರ್ ಇಳಿಸಿದ್ರ ಆಕಾಶ ಕಪ್ಪಾಗ್ತೈತಿ, ಉಲ್ಕೆ ಕಪ್ಪಾಗೂದಿಲ್ಲ.

ಎರಡು ಕಡೆ ಎಲ್ಲಾರೂ ಎಡವುತಾರ. ಒಂದು, ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಉಳದುಬಿಡ್ತೈತಿ. ಅದು ಆನ್ ಇದ್ರ 20 ಸೆಕೆಂಡ್ ತೆಗೆದು, ಮತ್ತ 20 ಸೆಕೆಂಡ್ ಬಾಗಿಲ ಮುಚ್ಚಿ ಕುಂದರ್ತೈತಿ. ಅರ್ಧ ರಾತ್ರಿ ಹೋತು. ಎರಡು, ಇಂಟರ್ವಲ್ ತಪ್ಪು. ಕ್ಯಾಮೆರಾದೊಳಗಿನ ಟೈಮರ್‌ಗಳಲ್ಲಿ ಇಂಟರ್ವಲ್ ಅಂದ್ರ ಸಾಮಾನ್ಯವಾಗಿ ಒಂದು ಫೋಟೋ ಶುರುವಿನಿಂದ ಮುಂದಿನ ಫೋಟೋ ಶುರುವಿನವರೆಗೆ. 20 ಸೆಕೆಂಡ್ ಶಟರ್‌ಗೆ 22 ಕೊಡ್ರಿ. 1 ಕೊಟ್ರ ನಡೆಯೂದಿಲ್ಲ. ವೈರಿನ ರಿಮೋಟ್ ಕೆಲವು ಇದನ್ನ ನಡುವಿನ ಬಿಡುವು ಅಂತ ತಿಳಕೊಳ್ತಾವು, ಅಲ್ಲಿ 1 ಅಥವಾ 2 ಸರಿ. ಮನ್ಯಾಗ ಕುಂತು ಐದು ಫೋಟೋ ತೆಗೆದು ನೋಡ್ರಿ, ಗೊತ್ತಾಗ್ತೈತಿ.

30 ಸೆಕೆಂಡ್ ಇಡೋರಿಗೆ: ಬಹಳ ಕ್ಯಾಮೆರಾದಾಗ 30 ಅಂತ ಬರೆದದ್ದು ನಿಜವಾಗಿ 32 ಸೆಕೆಂಡ್ ತೆರೆದಿರ್ತೈತಿ, 15 ಅಂದದ್ದು 16. ಇಂಟರ್ವಲ್ 31 ಇಟ್ರ ಒಂದು ಬಿಟ್ಟು ಒಂದು ಫ್ರೇಮ್ ಕಳೀತೈತಿ. 34 ಇಡ್ರಿ.

22 ಸೆಕೆಂಡಿಗೊಂದು ಅಂದ್ರ ತಾಸಿಗೆ 163 ಫೋಟೋ. ಏಳೂವರೆ ತಾಸಿಗೆ 1,200ರ ಮ್ಯಾಲೆ. ಒಂದು ರಾ ಫೈಲ್ 30 ಎಂಬಿ ಹಿಡಿದ್ರ 37 ಜಿಬಿ. 64ರ ಕಾರ್ಡು ಖಾಲಿ ಮಾಡಿ ಒಯ್ಯಿರಿ. ಕೆಲವು ಟೈಮರ್ 999 ಫೋಟೋಕ್ಕ ನಿಂತುಬಿಡ್ತಾವು, ಅದನ್ನೂ ನೋಡ್ಕೊಳ್ರಿ.

ನುಗ್ಗಿಕೇರಿ_ಬೆಳಗು (ಧಾರವಾಡ)

ಮೊಬೈಲಿನ್ಯಾಗ ಆಗ್ತೈತೇನ್ರಿ?

ಶಿಗ್ಗಾವಿ_ಸರ್ಕ್ಯೂಟ್

ದೊಡ್ಡ ಉಲ್ಕೆ ಬಿದ್ರ ಬರ್ತೈತಿ ಅಕ್ಕಾರ. ನಕ್ಷತ್ರ ಮೋಡ್ ಹಾಕಬ್ಯಾಡ್ರಿ. ಅದು ಹತ್ತಾರು ಫೋಟೋ ಕೂಡಿಸುವಾಗ ಒಂದರಾಗ ಮಾತ್ರ ಬಂದ ಗೆರೀನ ಕಸ ಅಂತ ತಗದುಬಿಡೂದುಂಟು. ಪ್ರೊ ಮೋಡ್, ಮುಖ್ಯ ಲೆನ್ಸು, ಐಎಸ್‌ಒ 3200, 15 ಸೆಕೆಂಡ್, ಸ್ಟ್ಯಾಂಡಿಗೆ ಕಟ್ಟಿ ಒಂದರ ಹಿಂದ ಒಂದು ತೆಗೀರಿ.

ಮಲಪ್ರಭಾ_ದಂಡೆ

ಇಬ್ಬನಿ ವಿಷಯ ಹೇಳ್ರಿ. ಮಧ್ಯರಾತ್ರಿ ದಾಟಿದ ಮ್ಯಾಲೆ ಫೋಟೋ ಎಲ್ಲಾ ಹಾಲಿನಂಗ ಆಗ್ತಾವು ಅಂತಾರ.

ಶಿಗ್ಗಾವಿ_ಸರ್ಕ್ಯೂಟ್

ಹೌದ್ರಿ. ತೆರೆದ ಆಕಾಶಕ್ಕ ಮುಖ ಮಾಡಿದ ಗಾಜು ತನ್ನ ಶಾಖ ಮ್ಯಾಲಕ್ಕ ಕಳಕೊಂಡು ಸುತ್ತಿನ ಗಾಳಿಗಿಂತ ತಣ್ಣಗಾಗ್ತೈತಿ. ಗಾಳಿಯೊಳಗಿನ ತೇವ ಅದರ ಮ್ಯಾಲೆ ಕುಂದರ್ತೈತಿ. ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿಟ್ರ ಸಾಕು, ಕುಂದರೂದಿಲ್ಲ.

ಹೀಟರ್ ಪಟ್ಟಿ ಅಂಗಡಿಯೊಳಗ ಸಿಗ್ತಾವು. ಮನ್ಯಾಗ ಮಾಡೋರಿಗೆ: 47 ಓಮ್‌ನ 1 ವ್ಯಾಟ್ ರೆಸಿಸ್ಟರ್ 10. ಹತ್ತನ್ನೂ ಎರಡು ತಂತಿಯ ನಡುವ ಏಣಿ ಮೆಟ್ಟಿಲಿನಂಗ, 2.5 ಸೆಂಟಿಮೀಟರಿಗೆ ಒಂದರಂತೆ ಪ್ಯಾರಲಲ್ ಬೆಸುಗಿ ಹಾಕ್ರಿ. ಒಟ್ಟು 4.7 ಓಮ್. ಯುಎಸ್‌ಬಿಯ 5 ವೋಲ್ಟಿಗೆ 1.06 ಆಂಪಿಯರ್, 5.3 ವ್ಯಾಟ್ ಶಾಖ. ಒಂದೊಂದು ರೆಸಿಸ್ಟರ್ ಮ್ಯಾಲೆ 0.53 ವ್ಯಾಟ್ ಬೀಳ್ತೈತಿ, ಅದಕ್ಕ ಅರ್ಧ ವ್ಯಾಟಿನವು ಹಾಕಬಾರದು, ಸುಟ್ಟು ಕರ್ರಗಾಗ್ತಾವು. ಬೆಸುಗಿ ಬಿಂದು ಒಂದಕ್ಕೊಂದು ತಾಗದಂಗ ಹೀಟ್ ಶ್ರಿಂಕ್ ತೂರಸ್ರಿ, ದಪ್ಪ ಹತ್ತಿ ಬಟ್ಟಿಯೊಳಗ ಹೊಲಿದು ತುದಿಗೆ ವೆಲ್ಕ್ರೊ. 77 ಎಂಎಂ ಫಿಲ್ಟರಿನ ಲೆನ್ಸಿಗೆ ಒಂದು ಸುತ್ತು ಸರಿಯಾಗಿ ಬರ್ತೈತಿ. ಪಟ್ಟಿ ಮುಂದಿನ ಗಾಜಿನ ಹತ್ತಿರ ಇರಬೇಕು, ಫೋಕಸ್ ರಿಂಗಿನ ಮ್ಯಾಲೆ ಅಲ್ಲ. ಹುಡ್ ಹಾಕ್ರಿ.

20,000 ಎಂಎಎಚ್ ಪವರ್ ಬ್ಯಾಂಕಿನ್ಯಾಗ 74 ವ್ಯಾಟ್-ತಾಸು ಇರ್ತೈತಿ, ಕೈಗೆ ಸಿಗೂದು 60 ಅಂತ ಹಿಡೀರಿ. ಈ ಪಟ್ಟಿ 11 ತಾಸು ನಡೀತೈತಿ. ಕ್ಯಾಮೆರಾಕ್ಕ ಬ್ಯಾರೆ ಪವರ್ ಬ್ಯಾಂಕ್ ಇಡ್ರಿ, ಎರಡೂ ಒಂದಕ್ಕ ಹಚ್ಚಬ್ಯಾಡ್ರಿ.

ಇಬ್ಬನಿ ಬಿದ್ದ ಮ್ಯಾಲೆ ಬಟ್ಟಿಯಿಂದ ಒರಸಿದ್ರ ತೇವ ಹರಡ್ತೈತಿ, ಎರಡು ನಿಮಿಷಕ್ಕ ಮತ್ತ ಕೂಡ್ತೈತಿ, ಜತಿಗೆ ಫೋಕಸ್ಸೂ ಅಲುಗ್ತೈತಿ. ಬೀಳೂಕಿಂತ ಮೊದಲೇ ಹೀಟರ್ ಚಾಲೂ ಮಾಡ್ರಿ.

ಉಣಕಲ್_24

ಹೀಟರ್ ಹಚ್ಚಿ ಅರ್ಧ ತಾಸು ಆದ ಮ್ಯಾಲೆನೇ ಫೋಕಸ್ ಮಾಡ್ರಿ. ಲೆನ್ಸು ಬೆಚ್ಚಗಾದ್ರ ಫೋಕಸ್ ಸರೀತೈತಿ. ಲೈವ್ ವ್ಯೂ 10 ಪಟ್ಟು ದೊಡ್ಡದು ಮಾಡಿ, ಬ್ರಹ್ಮಹೃದಯ (ಕ್ಯಾಪೆಲ್ಲಾ) ಇಲ್ಲಾ ಲುಬ್ಧಕ (ಸಿರಿಯಸ್) ನಕ್ಷತ್ರ ಹಿಡೀರಿ. ರಿಂಗ್ ತಿರುಗಿಸಿದಂಗ ನಕ್ಷತ್ರ ಸಣ್ಣಾಗ್ತಾ ಬಂದು, ಒಂದು ಕಡೆ ಸೂಜಿಮೊನಿಯಷ್ಟಾಗಿ, ಮತ್ತ ಉಬ್ಬೂಕೆ ಶುರುವಾಗ್ತೈತಿ. ಅದರ ಸುತ್ತಲಿನ ಮಂದ ನಕ್ಷತ್ರಗಳು ಪರದೆಯಲ್ಲಿ ಕಾಣಿಸಿಕೊಂಡು ಮಾಯ ಆಗ್ತಾವಲ್ಲಾ, ಅವು ಹೆಚ್ಚು ಕಂಡ ಜಾಗನೇ ಸರಿ ಫೋಕಸ್. ಅಲ್ಲಿಗೆ ರಿಂಗಿಗೆ ಕಾಗದದ ಟೇಪ್ ಹಚ್ಚಿಬಿಡ್ರಿ. ತಾಸಿಗೊಮ್ಮೆ ಒಂದು ಫ್ರೇಮ್ ದೊಡ್ಡದು ಮಾಡಿ ನೋಡ್ರಿ, ಆದ್ರ ಟ್ರೈಪಾಡ್ ಅಲುಗಬಾರದು.

ಡಂಬಳದ_ಬಯಲು

ಟ್ರೈಪಾಡ್ ಮಾತು ಬಂತಲ್ಲಾ: ನಮ್ಮ ಎರಿ ಮಣ್ಣು ಮ್ಯಾಲೆ ಬಿರಿದು ಗಟ್ಟಿ ಕಂಡ್ರೂ ಒಳಗ ಹಸಿ ಇರ್ತೈತಿ. ತಾಸೆರಡು ತಾಸಿನ್ಯಾಗ ಒಂದು ಕಾಲು ಇಳೀತೈತಿ, ಚೌಕಟ್ಟು ವಾಲ್ತೈತಿ. ಮೂರೂ ಕಾಲಿನ ಕೆಳಗ ಕಡಪಾ ಕಲ್ಲಿನ ತುಂಡು ಇಲ್ಲಾ ಹಳೇ ಹಂಚು ಇಡ್ರಿ. ನಡುಗಂಬ ಎತ್ತಬ್ಯಾಡ್ರಿ. ಗಾಳಿಗೆ ಬ್ಯಾಗ್ ತೂಗಹಾಕಿದ್ರ ಅದು ನೆಲಕ್ಕ ತಾಗಿರಬೇಕು. ಜೋತಾಡಿದ್ರ ಅದೇ ಟ್ರೈಪಾಡನ್ನ ಅಲುಗಾಡಸ್ತೈತಿ. ಕ್ಯಾಮೆರಾದ ಕೊರಳಪಟ್ಟಿ ಬಿಚ್ಚಿಡ್ರಿ. ಕಾಲಿಗೆ ಬೂಟು ಇರಲಿ, ಬದುವಿನ ಹುಲ್ಲಿನ್ಯಾಗ ಕೊಳಕುಮಂಡಲ ಇರ್ತಾವು.

ಪುನರ್ವಸು

ಡಂಬಳದಿಂದ ಗುಡ್ಡ ಪಶ್ಚಿಮಕ್ಕೆ ಎಂದಾದರೆ ಹೊತ್ತು ತಾನಾಗಿಯೇ ನಿರ್ಧಾರವಾಗುತ್ತದೆ. ರಾತ್ರಿ ಹನ್ನೆರಡೂವರೆಗೆ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ನೆತ್ತಿ ದಾಟಿ ಪಶ್ಚಿಮಕ್ಕೆ ಇಳಿಯಲು ಶುರುಮಾಡುತ್ತಾನೆ. ನಾಲ್ಕು ಗಂಟೆಗೆ ಪಶ್ಚಿಮದಲ್ಲಿ, ಸ್ವಲ್ಪ ದಕ್ಷಿಣಕ್ಕೆ ಸರಿದು, 35 ಡಿಗ್ರಿ ಎತ್ತರದಲ್ಲಿರುತ್ತಾನೆ. ಐದಕ್ಕೆ 20ರ ಹತ್ತಿರ. ಆ ಹೊತ್ತಿಗೆ ವಿಕಿರಣ ಬಿಂದು ಇನ್ನೂ 55–60 ಡಿಗ್ರಿ ಎತ್ತರದಲ್ಲೇ ಇರುತ್ತದೆ, ಮತ್ತು ಕ್ಯಾಮೆರಾ ನೋಡುವ ಜಾಗದಿಂದ ಸುಮಾರು 50 ಡಿಗ್ರಿ ದೂರ. ಉದ್ದ ಗೆರೆ, ಗುಡ್ಡದ ಮೇಲೆ ಮಹಾವ್ಯಾಧ, ಎಡಗಡೆ ಲುಬ್ಧಕ. ಮೂರರಿಂದ ಐದೂವರೆ ನಿಮ್ಮ ಮುಖ್ಯ ಹೊತ್ತು ಎಂದುಕೊಳ್ಳಿ. ಹತ್ತರಿಂದ ಮೂರರವರೆಗೆ ಸಿಕ್ಕ ಉಲ್ಕೆಗಳನ್ನೂ ಅದೇ ಚೌಕಟ್ಟಿನಲ್ಲೇ ಹಿಡಿಯಿರಿ. ನಡುವೆ ದಿಕ್ಕು ಬದಲಿಸುವ ಆಸೆ ಬರುತ್ತದೆ, ಯಾಕೆಂದರೆ ಉಲ್ಕೆ ಯಾವಾಗಲೂ ಬೆನ್ನ ಹಿಂದೆಯೇ ಬಿದ್ದಂತೆ ಅನ್ನಿಸುತ್ತದೆ. ಬದಲಿಸಬೇಡಿ. ಸಿಗುವುದು ಚೌಕಟ್ಟಿನ ವಿಸ್ತಾರ ಮತ್ತು ತಾಸುಗಳ ಗುಣಾಕಾರ ಮಾತ್ರ.

ಮಲಪ್ರಭಾ_ದಂಡೆ

ಟೆಲಿಸ್ಕೋಪ್ ಎಷ್ಟು ದೂರ ನಿಲ್ಲಿಸೋದ್ರಿ? ಹತ್ತಿರ ಇಟ್ರ ಮಸುಕು ಬರ್ತೈತಿ.

ಉಣಕಲ್_24

ಬರ್ತೈತಿ. 24 ಎಂಎಂ ಎಫ್ 1.8ಕ್ಕ ನಕ್ಷತ್ರಕ್ಕ ಫೋಕಸ್ ಮಾಡಿದ್ರ ಸುಮಾರು 11 ಮೀಟರ್ ಈಚಿಗಿನದೆಲ್ಲಾ ಮಸುಕು. 11 ಮೀಟರಿಗೆ ನಿಲ್ಲಿಸಿದ್ರ 1.3 ಮೀಟರ್ ಎತ್ತರದ ಡಾಬ್ಸೋನಿಯನ್ ಬೆಂಕಿಪೆಟ್ಟಿಗಿಯಷ್ಟು ಕಾಣ್ತೈತಿ. ಅದಕ್ಕ 4 ಮೀಟರಿಗೇ ನಿಲ್ಲಸ್ರಿ, ಕ್ಯಾಮೆರಾ ನೆಲದಿಂದ 40 ಸೆಂಟಿಮೀಟರ್ ಎತ್ತರಕ್ಕ ಇಳಸ್ರಿ. ಆಗ ಕೊಳವಿಯ ಬಾಯಿ ದಿಗಂತದ ಮ್ಯಾಲೆ 12–13 ಡಿಗ್ರಿ ಏಳ್ತೈತಿ, ಆಕಾಶದೊಳಗ ಕಪ್ಪಗ ಕಡದಿಟ್ಟಂಗ.

ಟೆಲಿಸ್ಕೋಪಿನ ಫೋಟೋ ಬ್ಯಾರೆ ತೆಗೀರಿ: ಸಂಜಿ 6ಕ್ಕ ಸೂರ್ಯ ಮುಳುಗ್ತಾನ, 6.25ರಿಂದ 6.35ರೊಳಗ, ನೀಲಿ ಬೆಳಕು ಇರೂವಾಗ, ಎಫ್ 5.6, ಐಎಸ್‌ಒ 400, ಟೆಲಿಸ್ಕೋಪಿಗೆ ಫೋಕಸ್ ಮಾಡಿ ಒಂದು. ಗುಡ್ಡಕ್ಕ ಫೋಕಸ್ ಮಾಡಿ ಒಂದು. ಆಮ್ಯಾಲೆ ಟ್ರೈಪಾಡ್ ಮುಟ್ಟದ ನಕ್ಷತ್ರಕ್ಕ ಫೋಕಸ್ ಬದಲಿಸ್ರಿ. ಫೋಕಸ್ ಬದಲಾದ್ರ ಚಿತ್ರ ಒಂಚೂರು ಹಿಗ್ಗಿ ಕುಗ್ಗೂದುಂಟು, ಜೋಡಿಸುವಾಗ ಸರಿ ಮಾಡ್ಕೋಬಹುದು.

ಕೊಳವಿಗೆ ಮುಚ್ಚಳ ಹಾಕ್ರಿ, ರಾತ್ರಿಯಿಡೀ ತೆರೆದಿಟ್ರ ಕನ್ನಡಿ ಮ್ಯಾಲೆ ಇಬ್ಬನಿ ಕೂಡ್ತೈತಿ. ಯಾರರೆ ಅದರಾಗ ನಿಜವಾಗಿ ನೋಡೂದಾದ್ರ ಅದಕ್ಕ ಇನ್ನೊಂದು ಟೆಲಿಸ್ಕೋಪ್ ಕ್ಯಾಮೆರಾದ ಹಿಂದ ಇಡ್ರಿ. ಮುಂದಿಂದು ಕದಲಬಾರದು.

ಗುಮ್ಮಟದ_ಬಾಗಿಲು (ಹುಬ್ಬಳ್ಳಿ)

ಹಾನ್ಲೆಯ ಮಾತು ಬಂದಿದೆ, ಅದಕ್ಕೆ ಒಂದಿಷ್ಟು ಹೇಳಬೇಕು. ಅಲ್ಲಿನ ನಿಯಮ ಬೇರೆ, ಆಕಾಶವೂ ಬೇರೆ.

ದಿಗ್ಪಾ ರತ್ಸಾ ರಿ ಬೆಟ್ಟದ ಮೇಲೆ 4,500 ಮೀಟರ್ ಎತ್ತರದಲ್ಲಿ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಕನ್ನಡಿಯ ವ್ಯಾಸ 2 ಮೀಟರ್. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಹಾನ್ಲೆಯ ಅಕ್ಷಾಂಶ 32.8 ಡಿಗ್ರಿ. ಜೆಮಿನಿಡ್ ಬಿಂದು ಖಗೋಳದಲ್ಲಿ ಇರುವುದು ಉತ್ತರಕ್ಕೆ 33 ಡಿಗ್ರಿಯಲ್ಲಿ. ಅಂದರೆ ರಾತ್ರಿ ಎರಡೂಕಾಲರ ಸುಮಾರಿಗೆ ಅದು ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತದೆ. ಛತ್ರಿಯ ಕಡ್ಡಿಗಳಂತೆ ಉಲ್ಕೆಗಳು ಎಲ್ಲ ದಿಕ್ಕಿಗೂ ಇಳಿಯುತ್ತವೆ, ಗುಮ್ಮಟ ಯಾವ ದಿಕ್ಕಿಗಿದ್ದರೂ ಅದರ ಮೇಲೆ ಗೆರೆಗಳು ನೆಟ್ಟಗೆ ಬೀಳುತ್ತವೆ. ಇಂಥ ಹೊಂದಾಣಿಕೆ ಬೇರೆ ಉಲ್ಕಾವೃಷ್ಟಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಆದರೆ 2022ರಿಂದ ಅದು ಕತ್ತಲ ಆಕಾಶದ ಮೀಸಲು ಪ್ರದೇಶ. ಬೆಳಕಿನ ನಿರ್ಬಂಧವನ್ನು ಸೌಜನ್ಯ ಅಂತ ತಿಳಿಯಬೇಡಿ, ಅಲ್ಲಿನ ಕೆಲಸವೇ ಅದರ ಮೇಲೆ ನಿಂತಿದೆ. ಅದೇ ಬಯಲಿನಲ್ಲಿ ಮೇಸ್ ಎಂಬ 21 ಮೀಟರಿನ ಗಾಮಾ ಕಿರಣ ದೂರದರ್ಶಕ ಇದೆ. ವಾತಾವರಣದಲ್ಲಿ ಹುಟ್ಟುವ, ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮಿನುಗುವ ನೀಲಿ ಬೆಳಕನ್ನು ಅದು ಹಿಡಿಯಬೇಕು. ಕಾರಿನ ಹೆಡ್‌ಲೈಟ್ ಆ ಕಡೆ ತಿರುಗಿದರೆ ಆಗುವ ತೊಂದರೆ ಊಹಿಸಿಕೊಳ್ಳಿ. ಟಾರ್ಚು, ಫ್ಲ್ಯಾಶ್, ಹಸಿರು ಲೇಸರ್, ಗುಮ್ಮಟದ ಮೇಲೆ ಬೆಳಕು ಬಿಟ್ಟು ಬಣ್ಣ ತುಂಬುವುದು, ಯಾವುದೂ ಕೂಡದು. ಗುಮ್ಮಟಕ್ಕೆ ನಕ್ಷತ್ರದ ಬೆಳಕೇ ಸಾಕು: ಆಕಾಶದ ಫ್ರೇಮುಗಳಲ್ಲೇ 15–20 ಒಟ್ಟುಗೂಡಿಸಿ ಸರಾಸರಿ ತೆಗೆದರೆ ನಾಯ್ಸ್ ತಗ್ಗಿ ಬಿಳಿ ಗೋಡೆ ಮೃದುವಾಗಿ ಕಾಣುತ್ತದೆ.

ಸರಾಸರಿಯಲ್ಲಿ ಒಂದು ತೊಡಕಿದೆ. ಒಳಗಿನ ದೂರದರ್ಶಕ ನಕ್ಷತ್ರವನ್ನು ಹಿಂಬಾಲಿಸಿದಂತೆ ಗುಮ್ಮಟವೂ ತಿರುಗುತ್ತದೆ, ಅದರ ಸೀಳುಬಾಗಿಲು ಜಾಗ ಬದಲಿಸುತ್ತದೆ. ಮೂರು ತಾಸಿನ ಫ್ರೇಮುಗಳನ್ನು ಕೂಡಿಸಿದರೆ ಬಾಗಿಲು ನಾಲ್ಕು ಕಡೆ ನೆರಳಿನಂತೆ ಬರುತ್ತದೆ. ಗುಮ್ಮಟ ನಿಂತಿದ್ದ ಒಂದೇ ಅವಧಿಯ ಫ್ರೇಮುಗಳನ್ನು ಆರಿಸಿ.

ಚಳಿ ಡಿಸೆಂಬರಿನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತದೆ. ಬ್ಯಾಟರಿಗಳು ಎದೆಯ ಜೇಬಿನಲ್ಲಿರಲಿ. ಅಲ್ಲಿ ಇಬ್ಬನಿಗಿಂತ ನಿಮ್ಮ ಉಸಿರೇ ಹೆಚ್ಚು ಕಾಟ ಕೊಡುತ್ತದೆ: ಪರದೆ ನೋಡಲು ಬಗ್ಗಿದಾಗ ಗಾಜಿನ ಮೇಲೆ ಹಿಮ ಕಟ್ಟುತ್ತದೆ. ಕ್ಯಾಮೆರಾವನ್ನು ಕೋಣೆಯೊಳಗೆ ತರುವ ಮೊದಲು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಬೆಚ್ಚಗಿನ ಗಾಳಿಯ ತೇವ ಚೀಲದ ಮೇಲೆ ಕೂರಲಿ, ಒಳಗೆ ಹೋಗದಿರಲಿ. ಎಲ್ಲಕ್ಕಿಂತ ಮೊದಲು ಲೇಹ್‌ನಲ್ಲಿ ಎರಡು-ಮೂರು ದಿನ ನಿಂತು ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಿ.

ನುಗ್ಗಿಕೇರಿ_ಬೆಳಗು

ಕಾವಲೂರು ಹತ್ತಿರ ಅಲ್ಲೇನ್ರಿ? ಅಲ್ಲೂ ದೊಡ್ಡ ಟೆಲಿಸ್ಕೋಪ್ ಐತಿ.

ಗುಮ್ಮಟದ_ಬಾಗಿಲು

ಇದೆ ಅಕ್ಕಾ, 2.34 ಮೀಟರಿನ ವೇಣು ಬಾಪು ದೂರದರ್ಶಕ, ಜವ್ವಾದಿ ಬೆಟ್ಟದಲ್ಲಿ. ಆದರೆ ತಮಿಳುನಾಡಿಗೆ ಹಿಂಗಾರು ಮಳೆ ಬರುವ ಕಾಲ ಡಿಸೆಂಬರಿಗೂ ಚಾಚಿಕೊಂಡಿರುತ್ತದೆ. ಮೋಡದ ಭಯ ನಮ್ಮ ಗದಗಿಗಿಂತ ಅಲ್ಲಿ ಹೆಚ್ಚು.

ರಾಣೆಬೆನ್ನೂರು_ಪದರ (ಹಾವೇರಿ)

ಕೊನೆಗೆ ಚಿತ್ರ ಜೋಡಿಸುವುದು. ಇಲ್ಲಿಯೇ ಬಹಳಷ್ಟು ಒಳ್ಳೆಯ ರಾತ್ರಿಗಳು ಸುಳ್ಳು ಚಿತ್ರಗಳಾಗುತ್ತವೆ.

ಮೊದಲು 1,200 ಫ್ರೇಮುಗಳನ್ನೂ ಒಂದೊಂದಾಗಿ ಕಣ್ಣಾಡಿಸಿ. ಉಲ್ಕೆ ಒಂದೇ ಫ್ರೇಮಿನಲ್ಲಿರುತ್ತದೆ, ಎರಡೂ ತುದಿ ಚೂಪು, ನಡುವೆ ಅಥವಾ ಕೊನೆಯ ಹತ್ತಿರ ಉಬ್ಬು. ಉಪಗ್ರಹದ ಗೆರೆ ಸಮವಾಗಿದ್ದು ಮುಂದಿನ ಫ್ರೇಮಿನಲ್ಲೂ ಮುಂದುವರಿಯುತ್ತದೆ. ವಿಮಾನ ಚುಕ್ಕಿ ಚುಕ್ಕಿಯಾಗಿ, ಕೆಂಪು-ಹಸಿರು ಮಿಣುಕಿನೊಂದಿಗೆ ಬರುತ್ತದೆ. ಅನುಮಾನವಿದ್ದರೆ ಹಿಂದಿನ, ಮುಂದಿನ ಫ್ರೇಮು ನೋಡಿ.

ಒಂದು ಮೂಲ ಫ್ರೇಮ್ ಆರಿಸಿ, ಉದಾಹರಣೆಗೆ ನಾಲ್ಕು ಗಂಟೆಯದು. ಹನ್ನೆರಡು ಗಂಟೆಗೆ ಸಿಕ್ಕ ಉಲ್ಕೆಯ ಹಿಂದಿನ ನಕ್ಷತ್ರಗಳು ಅಷ್ಟರಲ್ಲಿ ಧ್ರುವದ ಸುತ್ತ 60 ಡಿಗ್ರಿ ತಿರುಗಿರುತ್ತವೆ. ಆ ಫ್ರೇಮನ್ನು ಹಾಗೆಯೇ ಮೇಲೆ ಹಾಕಿದರೆ ಉಲ್ಕೆಗಳು ದಿಕ್ಕಾಪಾಲಾಗುತ್ತವೆ, ಒಂದೇ ಬಿಂದುವಿನಿಂದ ಹೊರಟಂತೆ ಕಾಣುವುದೇ ಇಲ್ಲ. ಅದಕ್ಕೆ ಪ್ರತಿ ಉಲ್ಕೆಯ ಫ್ರೇಮನ್ನೂ ನಕ್ಷತ್ರಗಳ ಆಧಾರದ ಮೇಲೆ ಮೂಲ ಫ್ರೇಮಿಗೆ ಕೂಡಿಸಬೇಕು. ಮೊದಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಲ್ಲಿ ಲೆನ್ಸಿನ ಬಾಗು ತಿದ್ದಿ 16 ಬಿಟ್ ಟಿಫ್ ತೆಗೆಯಿರಿ. ಸಿರಿಲ್‌ನಲ್ಲಿ ರಿಜಿಸ್ಟರ್ ಮಾಡಿ, ಅಂದರೆ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ. ಮೂರೂ ಉಚಿತ. ಆಮೇಲೆ ಗಿಂಪ್‌ನಲ್ಲಿ ಒಂದೊಂದು ಉಲ್ಕೆಯೂ ಒಂದು ಪದರ, ಬ್ಲೆಂಡ್ ಲೈಟನ್, ಕಪ್ಪು ಮಾಸ್ಕ್ ಹಾಕಿ ಉಲ್ಕೆಯ ಮೇಲಷ್ಟೇ ಬಿಳಿ ಬ್ರಶ್. ಅಗಲ ಲೆನ್ಸಿನ ಅಂಚಿನಲ್ಲಿ ಹೊಂದಾಣಿಕೆ ತಪ್ಪುವುದುಂಟು. ಉಲ್ಕೆಯ ಎರಡೂ ತುದಿಯ ಪಕ್ಕದ ನಕ್ಷತ್ರಗಳು ಮೂಲ ಚಿತ್ರದ ನಕ್ಷತ್ರದ ಮೇಲೆ ಕುಳಿತಿವೆಯೇ ನೋಡಿ, ಕುಳಿತಿರದಿದ್ದರೆ ಕೈಯಿಂದ ಸರಿಪಡಿಸಿ. ಬರೀ ಚಿತ್ರವನ್ನು ಚಪ್ಪಟೆಯಾಗಿ ತಿರುಗಿಸಿದರೆ ಅಗಲ ಲೆನ್ಸಿನಲ್ಲಿ ಎಂದೂ ಕೂಡುವುದಿಲ್ಲ.

ಎಲ್ಲ ಪದರ ಸೇರಿದ ಮೇಲೆ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿ. ಕ್ಯಾಸ್ಟರ್ ಕಡೆ ಕೂಡದ ಗೆರೆ ಜೆಮಿನಿಡ್ ಅಲ್ಲ, ಬೇರೆ ಯಾವುದೋ ಉಲ್ಕೆ. ತೆಗೆದುಹಾಕಿ. ಹೊಂದಿಸಿದ ಮೇಲೆ ಗುಡ್ಡದ ಕೆಳಕ್ಕೆ ಹೋದ ಉಲ್ಕೆಯನ್ನೂ ಬಿಡಬೇಕು. ಅದನ್ನು ಎತ್ತಿ ಮೇಲೆ ಅಂಟಿಸುವುದು ಸುಳ್ಳು. ಚಿತ್ರದ ಕೆಳಗೆ “ಇಷ್ಟು ತಾಸು, ಇಷ್ಟು ಉಲ್ಕೆ, ಸಂಯೋಜಿತ ಚಿತ್ರ, ಮುನ್ನೆಲೆ ಸಂಜೆ ಬೆಳಕಿನದು” ಎಂದು ಬರೆಯಿರಿ. ಒಂದೇ ಕ್ಷಣದಲ್ಲಿ ನಲವತ್ತು ಉಲ್ಕೆ ಬಿದ್ದವು ಎಂದು ನೋಡುವವರು ನಂಬಿ, ಮುಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ನಿರಾಶೆಯಿಂದ ಮರಳಬಾರದು.

ಮಲಪ್ರಭಾ_ದಂಡೆ

ಎಲ್ಲಾ ಬರಕೊಂಡೀನ್ರಿ, ಬಹಳ ಉಪಕಾರ ಆತು. ರೆಸಿಸ್ಟರ್ ಇವತ್ತೇ ತರ್ತೀನಿ. ಒಂದು ಸಣ್ಣ ಪ್ರಶ್ನೆ: ಅಗಸ್ಟಿನ ಪರ್ಸೀಡ್‌ಗೆ ಇದೇ ತಯಾರಿ ನಡೀತೈತೇನು?

ಪುನರ್ವಸು

ತಯಾರಿ ನಡೆಯುತ್ತದೆ, ಆಕಾಶ ನಡೆಯುವುದಿಲ್ಲ. ಪರ್ಸೀಡ್ ಶಿಖರ ಆಗಸ್ಟ್ 12–13ಕ್ಕೆ, ನಮ್ಮಲ್ಲಿ ಮುಂಗಾರು ಮೋಡ ಕವಿದಿರುತ್ತದೆ. ಬಿಂದುವೂ ಉತ್ತರಕ್ಕೆ ತಗ್ಗಿನಲ್ಲೇ ಉಳಿಯುತ್ತದೆ. ಅದರ ಬದಲು ಮೇ 5–6ರ ಈಟಾ ಅಕ್ವೇರಿಡ್ ನೋಡಿ. ಹ್ಯಾಲಿ ಧೂಮಕೇತುವಿನ ಧೂಳು, ನಮ್ಮ ಅಕ್ಷಾಂಶಕ್ಕೆ ಅನುಕೂಲ, ನಸುಕಿಗೆ ಮುಂಚಿನ ಒಂದೆರಡು ತಾಸು, ಪೂರ್ವಕ್ಕೆ. ವೇಗ ಸೆಕೆಂಡಿಗೆ 66 ಕಿಲೋಮೀಟರ್, ಜೆಮಿನಿಡ್‌ನ 35ರ ಹತ್ತಿರ ಹತ್ತಿರ ಎರಡು ಪಟ್ಟು. ಗೆರೆ ಇನ್ನೂ ಮಂದ ಮೂಡುತ್ತದೆ. ಎಫ್ 1.4 ಅಲ್ಲಿ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಡಂಬಳದ_ಬಯಲು

ಮರತಿದ್ದೆ. ಕಡಲಿ ಹೊಲದ ಇಬ್ಬನಿ ಬರೀ ನೀರಲ್ಲ. ಕಡಲಿ ಎಲಿ ಹುಳಿ ಬಿಡ್ತೈತಿ, ನಸಕಿನ್ಯಾಗ ಬಿಳಿ ಬಟ್ಟಿ ಹಾಸಿ ಹಿಂಡಿ ಕಡಲಿಹುಳಿ ತೆಗೆಯೂದು ಅದರಿಂದನೇ. ಅದು ಟ್ರೈಪಾಡಿನ ಕಾಲಿಗೆ, ಟೆಲಿಸ್ಕೋಪಿನ ಪೀಠಕ್ಕ ಹತ್ತಿದ್ರ ಹಂಗೇ ಮಡಚಿ ಚೀಲಕ್ಕ ಹಾಕಬ್ಯಾಡ್ರಿ. ಒಂದು ಬಾಟ್ಲಿ ಸಿಹಿನೀರು, ಎರಡು ಹಳೇ ಪಂಜಿ ತುಂಡು ಜತಿಗೆ ಒಯ್ಯಿರಿ. ಒದ್ದಿ ಬಟ್ಟಿಯಿಂದ ಒರಸಿ, ಒಣಾ ಬಟ್ಟಿಯಿಂದ ಮತ್ತ ಒರಸಿ, ಕಾಲಿನ ಬಿಗಿ ಸ್ಕ್ರೂ ಎಲ್ಲಾ ಬಿಚ್ಚಿ, ಬಿಸಿಲು ಬಂದ ಮ್ಯಾಲೆ ಅರ್ಧ ತಾಸು ಆರಿಸಿ ಆಮ್ಯಾಲೆ ಮಡಚ್ರಿ.